ಮಿಷನ್ ಡ್ರೆಸ್ಸಿಂಗೋ, ಒದ್ದೆ ಬಟ್ಟೆಯೋ?

ಜುಲೈ ತಿಂಗಳ ಒಂದು ರಾತ್ರಿ, ಹನ್ನೊಂದೂವರೆ ಆಗಿರಬಹುದು, ಕೆಳಮನೆಯ ಶೆಟ್ರ ಫೋನು ಬಂತು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರದೊಂದು ಸಣ್ಣ ಕ್ಯಾಂಟೀನಿದೆ. ಕುಂದಾಪುರ ಕಡೆಯವರು. ನಾನು ಮುಂಬಯಿಯ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ರಿಟೈರ್ ಆದವಳು ಅಂತ ಬಿಲ್ಡಿಂಗಿನ ಕನ್ನಡದವರಿಗೆಲ್ಲ ಗೊತ್ತು.

"ಸಿಸ್ಟರಕ್ಕಾ, ಮಗನ ಕಾಲಿನ ಆಪರೇಶನ್ ಮುಗೀತು. ಆದ್ರೆ ಗಾಯ ಹೊಲೀಲಿಲ್ಲ, ಹಾಗೇ ಬಿಟ್ಟಿದ್ದಾರೆ. ಮಿಷನ್ ಡ್ರೆಸ್ಸಿಂಗ್ ಹಾಕ್ಬಹುದು, ಇಲ್ಲಾಂದ್ರೆ ಸಾದಾ ಡ್ರೆಸ್ಸಿಂಗೂ ಆಗ್ತದೆ ಅಂತಾರೆ. ಮಿಷನ್ನಿಗೆ ಬೇರೆ ಬಿಲ್ಲು. ನಾನೇನು ಹೇಳ್ಲಿ?"

ಕಲ್ಯಾಣ್-ಶಿಳ್ ರಸ್ತೆಯಲ್ಲಿ ಮಳೆನೀರು ತುಂಬಿದ ಹೊಂಡಕ್ಕೆ ಬೈಕು ಇಳಿದು ಹುಡುಗ ಬಿದ್ದಿದ್ದ. ಹಿಂದಿನಿಂದ ಬಂದ ಟೆಂಪೋ ಎಡಗಾಲ ಮೇಲೆ ಹತ್ತಿತ್ತು. ಮೊಣಕಾಲಿಗೂ ಪಾದಕ್ಕೂ ನಡುವೆ ಎರಡು ಕಡೆ ಮೂಳೆ ಮುರಿದು ಚರ್ಮ ಹರಿದು ಹೋಗಿತ್ತು. ಮಗನ ಕಾಲು ಉಳಿಯುತ್ತದೋ ಇಲ್ಲವೋ ಎಂಬ ಹೊತ್ತಿನಲ್ಲಿ ಅಪ್ಪನ ಕೈಗೆ ಆಯ್ಕೆಯ ಕಾಗದ ಕೊಟ್ಟು ಸಹಿ ಕೇಳುವ ರೂಢಿ ನನಗೆ ಎಂದೂ ಹಿಡಿಸಿದ್ದಿಲ್ಲ. ಮಿಷನ್ ಡ್ರೆಸ್ಸಿಂಗ್ ಅಂದರೆ ಗಾಯದ ಒಸರನ್ನು ಪಂಪಿನಿಂದ ಹೀರುವ ಹೊದಿಕೆ, ಸಾದಾ ಅಂದರೆ ಒದ್ದೆ ಬಟ್ಟೆಯದು. ಆದರೆ ಪ್ರಶ್ನೆಯಂತೂ ನಿಜವಾದದ್ದೇ. ಅದಕ್ಕೆ ಉತ್ತರ ಹುಡುಕಲು ನೂರಾರು ರೋಗಿಗಳ ಮೇಲೆ ದೊಡ್ಡ ಪರೀಕ್ಷೆಯೇ ನಡೆದಿದೆ. ಅವತ್ತು ಶೆಟ್ರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ಕಣಕಾಲಿನ ಮುಂಭಾಗವನ್ನು ಬೆರಳಿನಿಂದ ಸವರಿ ನೋಡಿ. ಚರ್ಮದ ಕೆಳಗೆ ನೇರ ಮೂಳೆಯೇ ಸಿಗುತ್ತದೆ. ತೊಡೆಯ ಮೂಳೆಗೆ ಸುತ್ತಲೂ ಮಾಂಸದ ಹಾಸಿಗೆಯಿದೆ. ಕಣಕಾಲಿನ ಮೂಳೆಗೆ ಹಿಂದೆ ಮೀನಖಂಡವಿದೆ, ಮುಂದೆ ಬರಿಯ ತೊಗಲು. ಹಾಗಾಗಿ ಇಲ್ಲಿ ಮೂಳೆ ಮುರಿದರೆ ಅದು ಚರ್ಮವನ್ನು ಸೀಳಿ ಹೊರಬರುವುದು ಸುಲಭ. ಮುರಿದ ಜಾಗಕ್ಕೂ ಹೊರಗಿನ ಗಾಳಿಗೂ ಹೀಗೆ ದಾರಿಯಾದರೆ ಅದೇ ಓಪನ್ ಫ್ರ್ಯಾಕ್ಚರ್, ತೆರೆದ ಮುರಿತ. ಮೂಳೆಯೂ ಜೀವಂತ ವಸ್ತು, ಅದಕ್ಕೂ ರಕ್ತ ಬೇಕು. ಮೂಳೆ ಮುರಿದು ಅದರೊಳಗಿನ ರಕ್ತನಾಳ ಕಡಿದ ಮೇಲೆ ಆ ರಕ್ತದ ದೊಡ್ಡ ಪಾಲು ಬರುವುದು ಸುತ್ತಲಿನ ಮಾಂಸದಿಂದ ಮತ್ತು ಮೂಳೆಗೆ ಅಂಟಿಕೊಂಡ ತೆಳು ಪೊರೆಯಿಂದ. ಟೆಂಪೋ ಚಕ್ರ ಇವೆರಡನ್ನೂ ಕಿತ್ತು ಹಾಕಿದರೆ, ಉಳಿದ ಮೂಳೆ ಚೂರು ಒಣಗಿದ ಕಟ್ಟಿಗೆಗೆ ಸಮ. ಅದರೊಳಗೆ ಕೀವಾದರೆ ರಕ್ತವೇ ಹೋಗದ ಜಾಗಕ್ಕೆ ಇಂಜೆಕ್ಷನ್ನಿನ ಔಷಧ ಹೋಗುವುದಾದರೂ ಹೇಗೆ?

ಡಾಕ್ಟರರು ವಾರ್ಡಿನಲ್ಲಿ "ತ್ರೀ ಬಿ, ತ್ರೀ ಬಿ" ಎಂದು ಮಾತಾಡಿಕೊಳ್ಳುವುದನ್ನು ಕೇಳಿರಬಹುದು. ಅದು ಗುಸ್ಟಿಲೋ ಮತ್ತು ಆಂಡರ್ಸನ್ ಎಂಬ ಅಮೆರಿಕದ ಇಬ್ಬರು ವೈದ್ಯರು 1976ರಲ್ಲಿ ಮಾಡಿದ ವರ್ಗೀಕರಣ. ಒಂದು ಸೆಂಟಿಮೀಟರಿಗಿಂತ ಚಿಕ್ಕ, ಶುದ್ಧ ಗಾಯ ಮೊದಲನೇ ದರ್ಜೆ. ಅದಕ್ಕಿಂತ ದೊಡ್ಡದು, ಆದರೆ ಮಾಂಸ ಹೆಚ್ಚು ಹಾಳಾಗಿಲ್ಲದಿದ್ದರೆ ಎರಡನೆಯದು. ಜಜ್ಜಿ ಹೋದದ್ದೆಲ್ಲ ಮೂರನೆಯದು. 1984ರಲ್ಲಿ ಈ ಮೂರನೆಯದನ್ನೇ ಮತ್ತೆ ಮೂರು ಮಾಡಿದರು. ಮೂಳೆ ಮುಚ್ಚುವಷ್ಟು ಮಾಂಸ-ಚರ್ಮ ಉಳಿದಿದ್ದರೆ ಎ, ಉಳಿಯದೆ ಬೇರೆ ಕಡೆಯಿಂದ ತಂದು ಮುಚ್ಚಬೇಕಾದರೆ ಬಿ, ರಕ್ತನಾಳವೇ ತುಂಡಾಗಿ ಅದನ್ನು ಜೋಡಿಸಬೇಕಾದರೆ ಸಿ. ಶೆಟ್ರ ಮಗನದು ಬಿ.

ಗಾಯವನ್ನು ಆ ದಿನವೇ ಯಾಕೆ ಹೊಲಿಯಲಿಲ್ಲ ಅಂತ ಮನೆಯವರೆಲ್ಲ ಕೇಳುತ್ತಾರೆ. ಕೆಲವರಿಗೆ ಡಾಕ್ಟರು ಅಲಕ್ಷ್ಯ ಮಾಡಿದರು ಎಂಬ ಅನುಮಾನವೂ ಬರುತ್ತದೆ. ನಿಜ ಹೆಚ್ಚಾಗಿ ಅದಕ್ಕೆ ವಿರುದ್ಧ. ನನ್ನ ಕೆಲಸದ ವರ್ಷಗಳಲ್ಲಿ ಎದೆ ನಡುಗಿಸಿದ ಕೇಸುಗಳಲ್ಲಿ ಬಹುಪಾಲು ಎಲ್ಲೋ ದಾರಿಯಲ್ಲಿ ಬಿಗಿಯಾಗಿ, ಅಂದವಾಗಿ ಹೊಲಿಸಿಕೊಂಡು ಬಂದವು. ಮೇಲೆ ನೋಡಿದರೆ ರವಿಕೆಯ ಹೊಲಿಗೆಯಷ್ಟು ಚೆಂದ, ಒಳಗೆ ಸತ್ತ ಮಾಂಸ, ಮಣ್ಣು, ಒಮ್ಮೊಮ್ಮೆ ಪ್ಯಾಂಟಿನ ಚೂರು. ಗಾಳಿಯಿಲ್ಲದ ಕಡೆಯೇ ಬೆಳೆಯುವ ಕೆಲವು ರೋಗಾಣುಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕೆ? ಮೊದಲ ದಿನ ಜೀವ ಇದೆಯೆಂದು ಕಂಡ ಸ್ನಾಯು ಮೂರನೆಯ ದಿನ ಸತ್ತಿರಬಹುದು. ಊತವೂ ಏರುತ್ತಾ ಹೋಗುತ್ತದೆ. ಅದಕ್ಕೇ ತೆರೆದಿಟ್ಟು, ಎರಡು ಮೂರು ದಿನದಲ್ಲಿ ಮತ್ತೆ ಥಿಯೇಟರಿಗೆ ಒಯ್ದು ನೋಡುವುದು.

ಆ ಮೊದಲ ಆಪರೇಶನ್ನಿನಲ್ಲಿ ಆಗುವ ಕೆಲಸಕ್ಕೆ ಡಿಬ್ರೈಡ್‌ಮೆಂಟ್ ಅನ್ನುತ್ತಾರೆ. ತೊಳೆಯುವುದು ಅಂತ ಮನೆಯವರಿಗೆ ಹೇಳುತ್ತಾರೆ, ಆದರೆ ಅದು ತೊಳೆಯುವುದಕ್ಕಿಂತ ಹೆಚ್ಚು ಕತ್ತರಿಸುವ ಕೆಲಸ. ಸ್ನಾಯುವಿನ ಬಣ್ಣ ಕೆಂಪಗಿದೆಯೇ, ಮುಟ್ಟಿದರೆ ಬಿಗಿಯಾಗಿದೆಯೇ, ಚಿಮಟದಿಂದ ಹಿಡಿದರೆ ಮುದುಡಿಕೊಳ್ಳುತ್ತದೆಯೇ, ಕೊಯ್ದರೆ ರಕ್ತ ಒಸರುತ್ತದೆಯೇ, ಈ ನಾಲ್ಕನ್ನು ನೋಡಿ ಇಲ್ಲವೆಂದಾದರೆ ತೆಗೆಯುತ್ತಾರೆ. ಮೆಲ್ಲಗೆ ಎಳೆದರೆ ಕೈಗೇ ಬರುವ ಮೂಳೆಚೂರನ್ನೂ ತೆಗೆಯುತ್ತಾರೆ. ಆಮೇಲೆ ಲೀಟರುಗಟ್ಟಲೆ ಸಲೈನ್ ಸುರಿದು ತೊಳೆಯುವುದು. ಇಲ್ಲೊಂದು ಸ್ವಾರಸ್ಯ ಇದೆ. ಪಿಚಕಾರಿಯಂತೆ ಜೋರಾಗಿ ನೀರು ಹೊಡೆದರೆ, ಸಾಬೂನು ಬೆರೆಸಿದರೆ ಇನ್ನೂ ಚೊಕ್ಕವಾಗುತ್ತದೆ ಅಂತ ಬಹಳ ಕಾಲ ನಂಬಿದ್ದರು. ಭಾರತವೂ ಸೇರಿ ಹಲವು ದೇಶಗಳ 2,400ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಫ್ಲೋ ಎಂಬ ಪರೀಕ್ಷೆಯಲ್ಲಿ ಒತ್ತಡದಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಸಾಬೂನಿನ ಗುಂಪಿನಲ್ಲಂತೂ ಮತ್ತೆ ಆಪರೇಶನ್ ಬೇಕಾದವರೇ ಹೆಚ್ಚು, 100ಕ್ಕೆ ಸುಮಾರು 15 ಮಂದಿ. ಬರೀ ಸಲೈನಿನ ಗುಂಪಿನಲ್ಲಿ ಸುಮಾರು 12. ಕೊಡದಿಂದ ಸುರಿದ ಹಾಗೆ ನಿಧಾನ ಸುರಿದ ಉಪ್ಪುನೀರೇ ಗೆದ್ದಿತು.

ಮೂಳೆ ಅಲ್ಲಾಡದಂತೆ ಹೊರಗಿನಿಂದ ಸರಳು ಕೂರಿಸಿ, ಗಾಯ ತೆರೆದಿಟ್ಟು ಹೊರಬಂದಾಗ ಹುಟ್ಟುವುದೇ ಶೆಟ್ರ ಪ್ರಶ್ನೆ. ಈ ಎರಡು-ಮೂರು ದಿನ, ಕೆಲವೊಮ್ಮೆ ವಾರ, ಗಾಯವನ್ನು ಯಾವುದರಿಂದ ಮುಚ್ಚಿಡಬೇಕು?

ತಾತ್ಕಾಲಿಕ ಹೊದಿಕೆ ಮಾಡಬೇಕಾದ ಕೆಲಸ ಇಷ್ಟೇ: ಒಳಗಿನದು ಒಣಗಬಾರದು, ಹೊರಗಿನ ರೋಗಾಣು ಒಳಗೆ ಹೋಗಬಾರದು, ಒಸರುವ ನೀರು ಗಾಯದಲ್ಲೇ ನಿಲ್ಲಬಾರದು. ಎರಡನೆಯದು ಅಂದುಕೊಂಡದ್ದಕ್ಕಿಂತ ದೊಡ್ಡ ಮಾತು. ಇಂಥ ಗಾಯಗಳಲ್ಲಿ ತಡವಾಗಿ ಆಗುವ ಸೋಂಕಿನಲ್ಲಿ ಬಹಳಷ್ಟು ಸಲ ಸಿಗುವುದು ರಸ್ತೆಯ ಮಣ್ಣಿನ ರೋಗಾಣು ಅಲ್ಲ, ಆಸ್ಪತ್ರೆಯಲ್ಲೇ ಬೀಡುಬಿಟ್ಟಿರುವ, ಔಷಧಕ್ಕೆ ಬಗ್ಗದ ರೋಗಾಣು.

ಹಳೆಯ ಪದ್ಧತಿ ಸಲೈನಿನಲ್ಲಿ ನೆನೆಸಿದ ಗಾಜ್‌ಬಟ್ಟೆ, ಮೇಲೆ ಹತ್ತಿ, ಬ್ಯಾಂಡೇಜು. ನಾವು ಕಲಿತದ್ದೇ ಇದು. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಮೇಲೆ ಮುಚ್ಚಳವಿಲ್ಲದ ಒದ್ದೆ ಬಟ್ಟೆ ಮುಂಬಯಿಯ ಫ್ಯಾನಿನ ಗಾಳಿಗೆ ಕೆಲವೇ ತಾಸಿನಲ್ಲಿ ಒಣಗುತ್ತದೆ, ಕೆಳಗಿನ ಮೂಳೆಯೂ ಸ್ನಾಯುವಿನ ಹುರಿಯೂ ಅದರ ಜೊತೆ ಒಣಗುತ್ತವೆ. ಮರುದಿನ ಕೀಳುವಾಗ ಹೊಸದಾಗಿ ಹುಟ್ಟಿದ ಅಂಗಾಂಶವೂ ಬಟ್ಟೆಗೆ ಅಂಟಿ ಬರುತ್ತದೆ. ರೋಗಿ ಕಿರುಚುವುದು ಮೂರು ವಾರ್ಡಿಗೆ ಕೇಳುತ್ತದೆ. ಇದರ ಸುಧಾರಿತ ರೂಪ ಸರಳ: ಒದ್ದೆ ಗಾಜ್‌ಬಟ್ಟೆಯ ಮೇಲೆ ಪಾರದರ್ಶಕ ಅಂಟುಹಾಳೆ ಹಾಕಿ ಸುತ್ತ ಮುಚ್ಚಿಬಿಡುವುದು. ಬ್ರಿಟನ್ನಿನ ಮೂಳೆ ವೈದ್ಯರ ಮಾರ್ಗಸೂಚಿಯೂ ಅಪಘಾತದಿಂದ ಬಂದ ಗಾಯಕ್ಕೆ ಮೊದಲು ಇದನ್ನೇ ಹೇಳುತ್ತದೆ. ಈ ಉಪಾಯ ಹೊಸದಲ್ಲ. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಗಾಡಿಯ ಚಕ್ರ ಹತ್ತಿ ಕಣಕಾಲು ಮುರಿದ 11 ವರ್ಷದ ಹುಡುಗನಿಗೆ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ ಇಟ್ಟ. ಔಷಧ ಆರಿಹೋಗದಂತೆ ಮೇಲೆ ಲೋಹದ ತೆಳು ಹಾಳೆ ಮುಚ್ಚುವುದು ಅವನ ಪದ್ಧತಿಯಾಗಿತ್ತು. ಅಂಥ ಗಾಯವಾದರೆ ಕಾಲು ಕತ್ತರಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಆ ಹುಡುಗ ಆರು ವಾರಕ್ಕೆ ವಾಸಿಯಾದ.

ಇನ್ನೊಂದು ಪದ್ಧತಿ ಮಣಿಗಳದ್ದು. ಮೂಳೆ ಸಿಮೆಂಟಿನ ಪುಡಿಗೆ ವ್ಯಾಂಕೋಮೈಸಿನ್, ಜೆಂಟಾಮೈಸಿನ್‌ನಂಥ ಬಿಸಿ ತಾಳುವ ಆಂಟಿಬಯಾಟಿಕ್ ಔಷಧದ ಪುಡಿ ಸೇರಿಸಿ, ಕಲಸಿ, ಗಟ್ಟಿಯಾಗುವ ಮೊದಲೇ ಕಡಲೆಕಾಳಿನಷ್ಟು ಉಂಡೆ ಮಾಡಿ ತಂತಿಗೆ ಪೋಣಿಸುತ್ತಾರೆ. ನಿಧಾನ ಮಾಡಿದರೆ ಬಟ್ಟಲಲ್ಲೇ ಕಲ್ಲಾಗುತ್ತದೆ. ಮಲ್ಲಿಗೆ ಕಟ್ಟಿ ಪಳಗಿದ ಬೆರಳಿದ್ದ ನಮ್ಮ ಮಂಗಳೂರಿನ ಸಿಸ್ಟರುಗಳಿಗೆ ಈ ಕೆಲಸದಲ್ಲಿ ಡಾಕ್ಟರರಿಗಿಂತ ಹೆಚ್ಚು ವೇಗ ಇತ್ತು. ಈ ಸರವನ್ನು ಗಾಯದೊಳಗೆ ಇಟ್ಟು ಮೇಲೆ ಅಂಟುಹಾಳೆ ಹಾಕಿದರೆ, ಒಸರುವ ನೀರಿನಲ್ಲಿ ಔಷಧ ಕರಗಿ ರಕ್ತದಲ್ಲಿ ಎಂದೂ ಸಿಗದಷ್ಟು ಗಾಢವಾಗಿ ಅಲ್ಲೇ ನಿಲ್ಲುತ್ತದೆ. 1995ರಲ್ಲಿ ಪ್ರಕಟವಾದ 1,085 ತೆರೆದ ಮುರಿತಗಳ ಲೆಕ್ಕದಲ್ಲಿ ಬರೀ ಇಂಜೆಕ್ಷನ್ ಪಡೆದವರಲ್ಲಿ 100ಕ್ಕೆ 12 ಸೋಂಕು, ಮಣಿಯನ್ನೂ ಇಟ್ಟವರಲ್ಲಿ 3.7. ಅಂಕಿ ನೋಡಿದರೆ ಆಸೆ ಹುಟ್ಟುತ್ತದೆ. ಆದರೆ ಅಲ್ಲಿ ಯಾರಿಗೆ ಮಣಿ, ಯಾರಿಗೆ ಬೇಡ ಎಂದು ಚೀಟಿ ಎತ್ತಿ ನಿರ್ಧರಿಸಿದ್ದಲ್ಲ, ಹಾಗಾಗಿ ಎರಡು ಗುಂಪು ಬೇರೆ ರೀತಿಯಲ್ಲೂ ಭಿನ್ನವಾಗಿದ್ದಿರಬಹುದು. ಮಣಿ ಕರಗುವುದೂ ಇಲ್ಲ, ಮರೆಯದೆ ಎಣಿಸಿ ಹೊರತೆಗೆಯಬೇಕು. ಅಂಟುಹಾಳೆ ಸೋರಿದರೆ ಹಾಸಿಗೆಯೆಲ್ಲ ಒದ್ದೆ.

ಇನ್ನು ಮಿಷನ್. ವಾರ್ಡಿನ ಭಾಷೆಯಲ್ಲಿ ವ್ಯಾಕ್. ಗಾಯದ ಆಕಾರಕ್ಕೆ ಸ್ಪಂಜು ಕತ್ತರಿಸಿ ಒಳಗಿಡುತ್ತಾರೆ, ಮೇಲೆ ಅಂಟುಹಾಳೆ ಹೊದಿಸುತ್ತಾರೆ, ಹಾಳೆಗೆ ತೂತು ಮಾಡಿ ನಳಿಗೆ ಜೋಡಿಸಿ ಪಂಪಿಗೆ ಕೊಡುತ್ತಾರೆ. ಪಂಪು ಹೀರಿದಾಗ ಸ್ಪಂಜು ಸೊರಗಿ ಒಣದ್ರಾಕ್ಷಿಯಾಗುತ್ತದೆ. ಸಾಮಾನ್ಯವಾಗಿ ಇಡುವ ಹೀರುವಿಕೆ ಪಾದರಸದ ಅಳತೆಯಲ್ಲಿ 125 ಮಿಲಿಮೀಟರ್. 1990ರ ದಶಕದಲ್ಲಿ ಅಮೆರಿಕದ ಅರ್ಜೆಂಟಾ ಮತ್ತು ಮೋರಿಕ್ವಾಸ್ ಹಂದಿಗಳ ಗಾಯದ ಮೇಲೆ ಪ್ರಯೋಗ ಮಾಡಿ ಈ ಒತ್ತಡ ಚೆನ್ನಾಗಿ ಕೆಲಸ ಮಾಡುತ್ತದೆಂದು ಕಂಡುಕೊಂಡು 1997ರಲ್ಲಿ ಬರೆದರು. ಒಸರು ಹೊರಟುಹೋಗುತ್ತದೆ, ಊತ ತಗ್ಗುತ್ತದೆ, ಗಾಯದ ಅಂಚು ಹತ್ತಿರ ಸರಿಯುತ್ತದೆ, ಬುಡದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಅಂಗಾಂಶ ಹುಟ್ಟುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಒಬ್ಬ ಸಿಸ್ಟರ್ ನಲವತ್ತು ಹಾಸಿಗೆ ನೋಡುವ ಕಡೆ ಈ ಕೊನೆಯ ಮಾತಿನ ಬೆಲೆ ಏನೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಕೊಳ್ಳಲು ದುಡ್ಡಿಲ್ಲದ ಆಸ್ಪತ್ರೆಗಳು ಆಟೋಕ್ಲೇವ್ ಮಾಡಿದ, ಅಂದರೆ ಬಿಸಿ ಹಬೆಯಲ್ಲಿ ರೋಗಾಣು ಕೊಂದ ಸ್ಪಂಜು, ಮೂಗಿಗೆ ಹಾಕುವ ರೈಲ್ಸ್ ಟ್ಯೂಬು, ವಾರ್ಡಿನ ಗೋಡೆಯಲ್ಲಿ ಕೂರಿಸಿದ ಸಕ್ಷನ್ (ಹೀರುವ ವ್ಯವಸ್ಥೆ) ಸೇರಿಸಿ ತಮ್ಮದೇ ವ್ಯಾಕ್ ಮಾಡಿಕೊಂಡಿವೆ. ರೋಗಿ ಗೋಡೆಗೆ ಕಟ್ಟಿಹಾಕಿದ ಹಾಗಿರುತ್ತಾನೆ ಎಂಬುದೊಂದು ತೊಂದರೆ.

ಅಪಾಯಗಳೂ ಇವೆ. ತೆರೆದ ರಕ್ತನಾಳದ ಮೇಲೆ ಸ್ಪಂಜು ನೇರ ಕೂತರೆ ರಕ್ತಸ್ರಾವ. ಬ್ಯಾಟರಿ ಸತ್ತೋ ಹಾಳೆ ಬಿಟ್ಟೋ ಹೀರುವಿಕೆ ನಿಂತು ಎರಡು ತಾಸು ದಾಟಿದರೆ ಸ್ಪಂಜನ್ನು ತೆಗೆಯಬೇಕು, ಇಲ್ಲವಾದರೆ ಅದು ಕೊಳೆಯ ಗೂಡಾಗುತ್ತದೆ. ರಾತ್ರಿ ಎರಡಕ್ಕೆ ಅಲಾರಂ ಕೂಗಿದಾಗ ಪಕ್ಕದ ಸಂಬಂಧಿಕರು ಗುಂಡಿ ಒತ್ತಿ ಸುಮ್ಮನಾಗಿಸಿ ಮಲಗಿದ್ದನ್ನು ನಾನೇ ಕಂಡಿದ್ದೇನೆ.

ಹಾಗಾದರೆ ಯಾವುದು ಮೇಲು? ಮೊದಲ ಉತ್ತರ ಮಿಷನ್ನಿನ ಪರ ಬಂತು. ಅಮೆರಿಕದಲ್ಲಿ ಸ್ಟ್ಯಾನರ್ಡ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಸಾದಾ ಡ್ರೆಸ್ಸಿಂಗಿನವರಲ್ಲಿ 100ಕ್ಕೆ 28 ಸೋಂಕು, ವ್ಯಾಕ್‌ನಲ್ಲಿ 5.4. ಮಾರಾಟದವರು ಈ ಅಂಕಿಯನ್ನು ಕಂಠಪಾಠ ಮಾಡಿಕೊಂಡರು. ಆದರೆ ಆ 100 ಬರೀ ಲೆಕ್ಕದ 100. ನಿಜವಾಗಿ ಇದ್ದದ್ದು 62 ಮುರಿತಗಳು. ಒಂದು ಕಡೆ 25ರಲ್ಲಿ 7, ಇನ್ನೊಂದು ಕಡೆ 37ರಲ್ಲಿ 2. ಇಷ್ಟು ಚಿಕ್ಕ ಲೆಕ್ಕದಲ್ಲಿ ಎರಡು ಮೂರು ಜನ ಆಚೀಚೆ ಆದರೂ ಚಿತ್ರ ಬದಲಾಗುತ್ತದೆ.

ಅದಕ್ಕಾಗಿಯೇ ಬ್ರಿಟನ್ನಿನಲ್ಲಿ ದೊಡ್ಡದಾಗಿ ಮಾಡಿದರು. ವೊಲ್ಫ್ ಎಂದು ಕರೆಯುವ ಈ ಪರೀಕ್ಷೆಗೆ 2012ರಿಂದ 2015ರವರೆಗೆ 24 ದೊಡ್ಡ ಅಪಘಾತ ಕೇಂದ್ರಗಳಿಂದ ಕಾಲಿನ ತೀವ್ರ ತೆರೆದ ಮುರಿತವಾದ 460 ಜನರನ್ನು ಸೇರಿಸಿದರು. ಮೊದಲ ಡಿಬ್ರೈಡ್‌ಮೆಂಟ್ ಮುಗಿದು, ಗಾಯ ಹೊಲಿಯಲು ಬರುವುದಿಲ್ಲ ಎಂದು ಖಚಿತವಾದ ಮೇಲೆ, ಯಾರಿಗೆ ವ್ಯಾಕ್, ಯಾರಿಗೆ ಹೀರುವಿಕೆಯಿಲ್ಲದ ಸಾದಾ ಡ್ರೆಸ್ಸಿಂಗ್ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಫಲಿತಾಂಶ 2018ರಲ್ಲಿ ಬಂತು. 30 ದಿನದೊಳಗೆ ಆಳದ ಸೋಂಕು ವ್ಯಾಕ್‌ನಲ್ಲಿ 16 ಜನರಿಗೆ, ಅಂದರೆ 100ಕ್ಕೆ 7.1. ಸಾದಾ ಡ್ರೆಸ್ಸಿಂಗಿನಲ್ಲಿ 19 ಜನರಿಗೆ, 8.1. ಇಷ್ಟು ಅಂತರ ಬರೀ ಅದೃಷ್ಟದಿಂದಲೂ ಬರಬಹುದು. ಒಂದು ವರ್ಷದ ನಂತರ ನಡೆಯುವುದು, ಮೆಟ್ಟಿಲು ಹತ್ತುವುದು, ಕೆಲಸ ಮಾಡುವುದು ಎಷ್ಟು ಕಷ್ಟ ಎಂದು ಕೇಳಿ ಅಂಕ ಕೊಟ್ಟರು. 0 ಅಂದರೆ ಏನೂ ತೊಂದರೆಯಿಲ್ಲ, 100 ಅಂದರೆ ಯಾವ ಕೆಲಸವೂ ಮಾಡಲಾಗುವುದಿಲ್ಲ. ವ್ಯಾಕ್‌ನವರಿಗೆ 45.5, ಸಾದಾದವರಿಗೆ 42.4. ಇಲ್ಲೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವಿಲ್ಲ. ಹಾಕಿದ ದುಡ್ಡಿಗೆ ತಕ್ಕ ಲಾಭವೂ ಕಾಣಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಅಂಕಗಳ ನಡುವಿನ ಅಂತರವಲ್ಲ, ಎರಡೂ 40 ದಾಟಿವೆ ಎಂಬುದು. ಒಳ್ಳೆಯ ಆಸ್ಪತ್ರೆ, ಒಳ್ಳೆಯ ಡಾಕ್ಟರು, ಯಾವ ಡ್ರೆಸ್ಸಿಂಗ್ ಆದರೂ ಸರಿ, ವರ್ಷ ಕಳೆದರೂ ಈ ಜನ ಮೊದಲಿನಂತೆ ಆಗಿರಲಿಲ್ಲ. ಇದನ್ನು ಮನೆಯವರಿಗೆ ಮೊದಲ ವಾರವೇ ಹೇಳುವವರು ಕಡಿಮೆ.

ಆಮೇಲೆ ಹೊಲಿಗೆ ಹಾಕಿ ಮುಚ್ಚಿದ ಗಾಯದ ಮೇಲೂ ಹೀರುವ ಡ್ರೆಸ್ಸಿಂಗ್ ಹಾಕಿ ನೋಡಿದರು. 2020ರಲ್ಲಿ ಬಂದ ಆ ಪರೀಕ್ಷೆಯಲ್ಲಿ 1,548 ಜನ ಇದ್ದರು. ಆಳದ ಸೋಂಕು ಹೀರುವ ಡ್ರೆಸ್ಸಿಂಗಿನಲ್ಲಿ 100ಕ್ಕೆ 5.84, ಸಾದಾದಲ್ಲಿ 6.68, ಅಲ್ಲೂ ಅದೇ ಕಥೆ.

ಹಾಗಂತ ಮಿಷನ್ ಮೋಸ ಅನ್ನಲು ನಾನು ತಯಾರಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ಗಾಯವನ್ನು 72 ತಾಸಿನೊಳಗೆ ಮಾಂಸ-ಚರ್ಮದಿಂದ ಮುಚ್ಚಬೇಕು ಅನ್ನುತ್ತದೆ, ಅಲ್ಲಿ ಮೂಳೆಯವರೂ ಪ್ಲಾಸ್ಟಿಕ್ ಸರ್ಜರಿಯವರೂ ಒಂದೇ ಸೂರಿನಡಿ ಇರುತ್ತಾರೆ. ನಮ್ಮಲ್ಲಿ ರೋಗಿ ಒಂದು ಊರಿನಿಂದ ಇನ್ನೊಂದು ಊರಿಗೆ, ರತ್ನಾಗಿರಿಯಿಂದ ಮುಂಬಯಿಗೆ, ಸಾವಂತವಾಡಿಯಿಂದ ಗೋವಾದ ಬಾಂಬೋಳಿಗೆ ಹೋಗುವುದರಲ್ಲೇ ದಿನಗಳು ಕಳೆಯುತ್ತವೆ. ತುಂಬಿದ ವಾರ್ಡಿನಲ್ಲಿ ದಿನಾ ಬಿಚ್ಚಿ ಕಟ್ಟುವ ಒದ್ದೆ ಬಟ್ಟೆಗಿಂತ ಮುಚ್ಚಿದ ವ್ಯಾಕ್ ನನಗೆ ವಾಸಿ ಅನ್ನಿಸುತ್ತದೆ. ಇದು ನನ್ನ ಅನುಭವದ ಮಾತು, ಅಂಕಿಯ ಬೆಂಬಲವಿಲ್ಲ. ಆದರೆ ನನಗೆ ವ್ಯಾಕ್ ಬಗ್ಗೆ ಇರುವ ದೊಡ್ಡ ಹೆದರಿಕೆಯೂ ಇದೇ ಕಾರಣಕ್ಕೆ. ಗಾಯ ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಪಂಪು ಗುಂಯ್ಗುಟ್ಟುತ್ತಿದೆ, ಏನೋ ಚಿಕಿತ್ಸೆ ನಡೆಯುತ್ತಿದೆ ಎಂಬ ಸಮಾಧಾನ. ಮುಂದಿನ ಆಪರೇಶನ್ ಸೋಮವಾರದಿಂದ ಗುರುವಾರಕ್ಕೆ, ಗುರುವಾರದಿಂದ ಮುಂದಿನ ವಾರಕ್ಕೆ ಜಾರುತ್ತದೆ. 2008ರಲ್ಲಿ ಪ್ರಕಟವಾದ 38 ರೋಗಿಗಳ ಲೆಕ್ಕವೊಂದು ಇದನ್ನೇ ತೋರಿಸಿತು. ಎಲ್ಲರಿಗೂ ವ್ಯಾಕ್ ಇತ್ತು. ಏಳು ದಿನದೊಳಗೆ ಗಾಯ ಮುಚ್ಚಿದವರಲ್ಲಿ ಸೋಂಕು 100ಕ್ಕೆ 12.5, ಏಳು ದಿನ ದಾಟಿದವರಲ್ಲಿ 57. ಇದೂ ಚಿಕ್ಕ ಲೆಕ್ಕವೇ, ಆದರೆ ಸ್ಲೊವೇನಿಯಾದ ಮಾರ್ಕೋ ಗೊದಿನಾ 1986ರಲ್ಲಿ 532 ರೋಗಿಗಳ ಲೆಕ್ಕ ಕೊಟ್ಟು ಹೇಳಿದ್ದೂ ಇದೇ ದಿಕ್ಕಿನ ಮಾತು: 72 ತಾಸಿನೊಳಗೆ ಮುಚ್ಚಿದವರಲ್ಲಿ ಸೋಂಕು 100ಕ್ಕೆ 1.5, ಅಲ್ಲಿಂದ ಮೂರು ತಿಂಗಳವರೆಗೆ ಎಳೆದವರಲ್ಲಿ 17.5. ನಮ್ಮ ಪಕ್ಕದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ಆಯ್ದ ಕೆಲವರಲ್ಲಿ ಮೊದಲ ದಿನವೇ ಮುಚ್ಚಿ ಒಳ್ಳೆಯ ಫಲ ಕಂಡಿದ್ದಾರೆ. ಅಂಥವರಿಗೆ ತಾತ್ಕಾಲಿಕ ಡ್ರೆಸ್ಸಿಂಗಿನ ಪ್ರಶ್ನೆಯೇ ಇಲ್ಲ. ಆದರೆ ಅದು ಅನುಭವಿಗಳ ಕೈಕೆಲಸ, ದಾರಿಬದಿಯ ಬಿಗಿ ಹೊಲಿಗೆಗೂ ಅದಕ್ಕೂ ಸಂಬಂಧವಿಲ್ಲ.

ಇಂಜೆಕ್ಷನ್ನಿನ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಡ್ರೆಸ್ಸಿಂಗಿನ ಗಲಾಟೆಯಲ್ಲಿ ಅದು ಮರೆತುಹೋಗುತ್ತದೆ. 1974ರಷ್ಟು ಹಿಂದೆಯೇ ಪಟ್ಜಾಕಿಸ್ ಎಂಬ ವೈದ್ಯ ತೋರಿಸಿದ್ದ: ಆಂಟಿಬಯಾಟಿಕ್ ಕೊಡದವರಲ್ಲಿ ಸೋಂಕು 100ಕ್ಕೆ 13.9, ಸೆಫಲೋಥಿನ್ ಎಂಬ ಆಂಟಿಬಯಾಟಿಕ್ ಕೊಟ್ಟವರಲ್ಲಿ 2.3. ಈಗ ಗಾಯವಾಗಿ ಒಂದು ತಾಸಿನೊಳಗೆ ಕೊಡಬೇಕು ಅನ್ನುತ್ತಾರೆ. ದೊಡ್ಡ ಪರೀಕ್ಷೆಗಳಲ್ಲಿ ಯಾವ ಸ್ಪಂಜೂ ಈ ಅಂತರ ತಂದುಕೊಟ್ಟಿಲ್ಲ. ಶೆಟ್ರ ಮಗನನ್ನು ಮೊದಲು ಒಯ್ದ ಚಿಕ್ಕ ಆಸ್ಪತ್ರೆಯವರು ಎರಡು ಪುಣ್ಯದ ಕೆಲಸ ಮಾಡಿದ್ದರು. ಬಂದ ಕೂಡಲೇ ಆಂಟಿಬಯಾಟಿಕ್ ಮತ್ತು ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟಿದ್ದರು. ಗಾಯದ ಫೋಟೋ ಮೊಬೈಲಿನಲ್ಲಿ ತೆಗೆದು, ಒದ್ದೆ ಗಾಜ್‌ಬಟ್ಟೆ ಮುಚ್ಚಿ ಕಳಿಸಿದ್ದರು. ಫೋಟೋ ಇದ್ದದ್ದರಿಂದ ದೊಡ್ಡಾಸ್ಪತ್ರೆಯಲ್ಲಿ ಬಂದ ಬಂದ ಡಾಕ್ಟರೆಲ್ಲ ಬಟ್ಟೆ ಎತ್ತಿ ದೇವರ ದರ್ಶನದ ಹಾಗೆ ನೋಡುವುದು ತಪ್ಪಿತು.

ಆ ರಾತ್ರಿ ಶೆಟ್ರಿಗೆ ನಾನು ಹೇಳಿದ್ದು ಇಷ್ಟು. "ಶೆಟ್ರೇ, ಮಿಷನ್ ಹಾಕಿದ್ರೂ ಆಯ್ತು, ಸಾದಾ ಆದ್ರೂ ಆಯ್ತು, ದುಡ್ಡಿಗೆ ಕಷ್ಟ ಆದ್ರೆ ಸಾದಾದ್ದಕ್ಕೇ ಒಪ್ಪಿ, ಮಗನಿಗೆ ಅನ್ಯಾಯ ಮಾಡಿದೆ ಅಂತ ಕೊರಗ್ಬೇಡಿ. ವಾರ್ಡಲ್ಲಿ ದಿನಾ ಬಿಚ್ಬೇಡಿ, ಮೇಲೆ ಹಾಳೆ ಅಂಟಿಸಿ ಅಂತ ಕೇಳಿ. ಮತ್ತೆ, ಪ್ಲಾಸ್ಟಿಕ್ ಸರ್ಜನ್ ಯಾವತ್ತು ಬರ್ತಾರೆ ಅಂತ ಕೇಳಿ. ದಿನ ಹೇಳ್ಲಿಕ್ಕೇ ಬೇಕು."

"ಅದನ್ನ ನಾನು ಕೇಳ್ಲೇ ಇಲ್ಲ ಅಕ್ಕಾ."

"ನಾಳೆ ಬೆಳಿಗ್ಗೆ ರೌಂಡ್ಸಿಗೆ ಬಂದಾಗ ಕೇಳಿ."

ಕೇಳಿದರು. ಸಾದಾ ಡ್ರೆಸ್ಸಿಂಗನ್ನೇ ಹಾಳೆಯಿಂದ ಮುಚ್ಚಿದರು. ಮೂರನೆಯ ದಿನ ಥಿಯೇಟರಿನಲ್ಲಿ ತೆರೆದು, ಇನ್ನೊಂದಿಷ್ಟು ಸತ್ತ ಸ್ನಾಯು ತೆಗೆದರು. ನಾಲ್ಕನೆಯ ದಿನ ಪ್ಲಾಸ್ಟಿಕ್ ಸರ್ಜನ್ ಬಂದು ಮೀನಖಂಡದ ಒಳಗಿನ ಸೋಲಿಯಸ್ ಎಂಬ ಸ್ನಾಯುವನ್ನು ಬುಡ ಬಿಡಿಸದೆ ಮುಂದಕ್ಕೆ ತಿರುಗಿಸಿ ಮೂಳೆಯ ಮೇಲೆ ಹೊದಿಸಿದರು. ಕಣಕಾಲಿನ ನಡುಭಾಗಕ್ಕೆ ಅದು ಎಟಕುತ್ತದೆ. ಇನ್ನೂ ಕೆಳಗೆ, ಹರಡಿನ ಹತ್ತಿರ ಗಾಯವಾಗಿದ್ದರೆ ಬೆನ್ನಿನಿಂದಲೋ ತೊಡೆಯಿಂದಲೋ ಮಾಂಸ ತಂದು ರಕ್ತನಾಳ ಜೋಡಿಸುವ, ಎಂಟು ಹತ್ತು ತಾಸಿನ ಕೆಲಸವಾಗುತ್ತಿತ್ತು. ಸ್ನಾಯುವಿನ ಮೇಲೆ ತೊಡೆಯಿಂದ ತೆಗೆದ ತೆಳು ಚರ್ಮ ಹಚ್ಚಿದರು.

ನೋಡಲು ಹೋದಾಗ ಹುಡುಗ ಮುರಿದ ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಚರ್ಮ ತೆಗೆದ ತೊಡೆ ಉರಿಯುತ್ತದೆ ಎಂಬುದೇ ಅವನ ದೂರು. ಎಲ್ಲರದ್ದೂ ಅದೇ ದೂರು, ಸುಟ್ಟ ಗಾಯದ ಹಾಗೆ ಉರಿಯುವುದು ಅದು. ಆಗ ನನಗೆ ನೆನಪಾಗಿ ಶೆಟ್ರಿಗೆ ಹೇಳಿದೆ: ಇದೇ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೂ ಹೀಗೆ ಚರ್ಮ ತೆಗೆದ ಜಾಗಕ್ಕೂ ಆಟೋಕ್ಲೇವ್ ಮಾಡಿದ ಬಾಳೆಎಲೆ ಹೊದಿಸಿ ನೋಡಿ, ಅಂಟುವುದಿಲ್ಲ, ನೋವು ಕಡಿಮೆ, ಖರ್ಚಂತೂ ಇಲ್ಲವೇ ಇಲ್ಲ ಅಂತ 2003ರಲ್ಲಿ ಬರೆದಿದ್ದಾರೆ. ಮೂಳೆ ಕಾಣುವ ಗಾಯಕ್ಕಲ್ಲ, ಮನೆಯಲ್ಲಿ ಮಾಡುವುದಕ್ಕಂತೂ ಅಲ್ಲವೇ ಅಲ್ಲ ಅಂತಲೂ ಸೇರಿಸಿದೆ.

ಶೆಟ್ರು ಆ ವಾರದಲ್ಲಿ ಮೊದಲ ಸಲ ನಕ್ಕರು. "ನಮ್ಮ ಕ್ಯಾಂಟೀನಿಗೆ ದಿನಾ ಇನ್ನೂರು ಎಲೆ ಬರ್ತದೆ ಅಕ್ಕಾ," ಅಂದರು, "ಡಾಕ್ಟ್ರಿಗೆ ಒಂದು ಕಟ್ಟು ತಂದು ಕೊಡ್ಲಾ?"